ತೀವ್ರ ವೈರಲ್ ನ್ಯುಮೋನಿಯಾಕ್ಕೆ ಇಮ್ಯೂನಿಟಿ ತಗ್ಗಿಸುವ ಔಷಧಿ: ಯಾವುದು, ಯಾವಾಗ, ಯಾರಿಗೆ?

ಮೊದಲೇ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ಯಾವ ಔಷಧಿ ಅನ್ನುವುದಕ್ಕಿಂತ ಯಾವಾಗ ಅನ್ನುವುದೇ ದೊಡ್ಡ ಪ್ರಶ್ನೆ. ಒಂದೇ ಔಷಧಿ, ಅದೇ ಪ್ರಮಾಣ, ಒಬ್ಬ ರೋಗಿಯ ಜೀವ ಉಳಿಸಬಹುದು. ಪಕ್ಕದ ಹಾಸಿಗೆಯವರಿಗೆ ಏನೂ ಉಪಯೋಗ ಆಗದೇ ಇರಬಹುದು, ತೊಂದರೆಯೇ ಆಗಬಹುದು. ವ್ಯತ್ಯಾಸ ಇರುವುದು ಅವರಿಬ್ಬರ ಆಕ್ಸಿಜನ್ ಅಗತ್ಯದಲ್ಲಿ, ಕಾಯಿಲೆ ಶುರುವಾಗಿ ಎಷ್ಟು ದಿನ ಆಯ್ತು ಅನ್ನುವುದರಲ್ಲಿ, ಯಾವ ವೈರಸ್ ಅನ್ನುವುದರಲ್ಲಿ.

ಮನೆಯವರೊಬ್ಬರು ಐಸಿಯುನಲ್ಲಿದ್ದು, ಡಾಕ್ಟರ್ ಹೇಳಿದ ಔಷಧಿಗಳ ಹೆಸರು ಕೇಳಿ ಗೊಂದಲವಾದವರಿಗೆ ಈ ಹೋಲಿಕೆ. ಈಗಷ್ಟೇ ವಾರ್ಡಿಗೆ ಬಂದ ಕಿರಿಯ ಡಾಕ್ಟರು, ನರ್ಸುಗಳಿಗೂ ಉಪಯೋಗ ಆಗಬಹುದು. ಇಲ್ಲಿ ಬರುವ ಪ್ರಮಾಣಗಳೆಲ್ಲ ಆಸ್ಪತ್ರೆಯೊಳಗಿನ ಚಿಕಿತ್ಸೆಗೆ ಮಾತ್ರ. ಮನೆಯಲ್ಲಿ ಯಾರೂ ಇದನ್ನು ನೋಡಿ ಸ್ಟೀರಾಯ್ಡ್ ನುಂಗಬೇಡಿ. ಯಾಕೆ ಅನ್ನುವುದಕ್ಕೆ ಮುಂದೆ ಅಂಕಿಗಳೇ ಇವೆ.

ಸೋಂಕಿದ್ದಾಗ ಇಮ್ಯೂನಿಟಿ ತಗ್ಗಿಸುವುದಾ?

ಕೇಳಿದರೆ ತಲೆಕೆಳಗು ಅನ್ನಿಸುತ್ತದೆ, ಅಲ್ವಾ? ವೈರಸ್ ಒಳಗೆ ಇರುವಾಗ ಅದರ ವಿರುದ್ಧ ನಿಂತ ಪಡೆಯನ್ನೇ ಕಟ್ಟಿಹಾಕುವುದು ಹೇಗೆ ಸರಿ?

ಕೋವಿಡ್‌ನಲ್ಲಿ ಇದು ಚೆನ್ನಾಗಿ ಅರ್ಥವಾಯಿತು. ಮೊದಲ ವಾರ ವೈರಸ್ ಜೋರಾಗಿ ಬೆಳೆಯುತ್ತದೆ. ಆಗ ಜ್ವರ, ಮೈಕೈ ನೋವು, ಕೆಮ್ಮು. ಹೆಚ್ಚಿನವರಿಗೆ ಅಲ್ಲಿಗೇ ಮುಗಿಯುತ್ತದೆ. ಕೆಲವರಿಗೆ ಮಾತ್ರ ಏಳೆಂಟನೇ ದಿನದ ಹೊತ್ತಿಗೆ ಉಸಿರಾಟ ಕೆಡುತ್ತದೆ. ಅಷ್ಟರಲ್ಲಿ ವೈರಸ್ ಇಳಿಮುಖವಾಗಿರುತ್ತದೆ. ಆದರೆ ದೇಹದ ಪ್ರತಿಕ್ರಿಯೆ ನಿಲ್ಲುವುದೇ ಇಲ್ಲ. ಶ್ವಾಸಕೋಶದ ಸಣ್ಣ ಗಾಳಿಚೀಲಗಳ ಗೋಡೆ ಸೋರುತ್ತದೆ, ಒಳಗೆ ನೀರು ತುಂಬುತ್ತದೆ, ರಕ್ತಕ್ಕೆ ಆಕ್ಸಿಜನ್ ದಾಟುವುದಿಲ್ಲ. ಕಳೆ ಕೀಳಲು ಹೋಗಿ ಪೈರನ್ನೇ ಕಿತ್ತ ಹಾಗೆ. ಈ ಹಂತದಲ್ಲಿ ಉರಿಯೂತ ತಗ್ಗಿಸಿದರೆ ಶ್ವಾಸಕೋಶಕ್ಕೆ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ.

ಅದೇ ಔಷಧಿಯನ್ನು ಮೂರನೇ ದಿನ, ಉಸಿರಾಟ ಸರಿಯಿದ್ದಾಗ ಕೊಟ್ಟರೆ? ಆಗ ವೈರಸ್ಸಿಗೇ ಅನುಕೂಲ.

ಮೊದಲ ಪ್ರಶ್ನೆ: ಆಕ್ಸಿಜನ್ ಬೇಕಾ?

ಇದಕ್ಕೆ ಉತ್ತರ ಕೊಟ್ಟಿದ್ದು ಬ್ರಿಟನ್ನಿನ ರಿಕವರಿ ಅಧ್ಯಯನ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಇದರ ಮುಂದಾಳುಗಳು. 2020ರ ಜೂನ್‌ನಲ್ಲಿ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಔಷಧಿಯ ಫಲಿತಾಂಶ ಹೊರಬಂತು. ದಿನಕ್ಕೆ 6 ಮಿ.ಗ್ರಾಂ, ಹೆಚ್ಚೆಂದರೆ 10 ದಿನ. 2,104 ಜನರಿಗೆ ಈ ಔಷಧಿ, 4,321 ಜನರಿಗೆ ಮಾಮೂಲಿ ಚಿಕಿತ್ಸೆ.

28 ದಿನದೊಳಗಿನ ಸಾವುಗಳನ್ನು ಆಕ್ಸಿಜನ್ ಅಗತ್ಯದ ಪ್ರಕಾರ ಬಿಡಿಸಿ ನೋಡಬೇಕು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ. 41.4ರಿಂದ ಶೇ. 29.3ಕ್ಕೆ ಇಳಿಯಿತು. ಅಂದರೆ ನೂರು ಜನರಲ್ಲಿ ಹನ್ನೆರಡು ಜನ ಹೆಚ್ಚಾಗಿ ಬದುಕಿದರು. ವೆಂಟಿಲೇಟರ್ ಇಲ್ಲದೆ ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ ಶೇ. 26.2ರಿಂದ ಶೇ. 23.3ಕ್ಕೆ ಇಳಿಯಿತು. ಆಕ್ಸಿಜನ್ ಬೇಕಿಲ್ಲದವರಲ್ಲಿ ಮಾತ್ರ ಲೆಕ್ಕ ತಿರುಗಿತು. ಔಷಧಿ ಪಡೆದವರಲ್ಲಿ ಶೇ. 17.8, ಪಡೆಯದವರಲ್ಲಿ ಶೇ. 14. ಈ ಕೊನೆಯ ವ್ಯತ್ಯಾಸ ಕಾಕತಾಳೀಯವೂ ಇರಬಹುದು, ಸಂಖ್ಯಾಶಾಸ್ತ್ರದ ಪ್ರಕಾರ ಗಟ್ಟಿಯಲ್ಲ. ಆದರೆ ಲಾಭವಂತೂ ಕಾಣಲಿಲ್ಲ, ಹಾನಿಯ ಸುಳಿವಿತ್ತು. ಹಾಗಾಗಿ ಆಕ್ಸಿಜನ್ ಬೇಡದವರಿಗೆ ಸ್ಟೀರಾಯ್ಡ್ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2020ರ ಸೆಪ್ಟೆಂಬರ್‌ನಲ್ಲಿ ಇದನ್ನೇ ಹೇಳಿತು. ತೀವ್ರ ಕಾಯಿಲೆಗೆ ಕೊಡಿ, ಸೌಮ್ಯ ಕಾಯಿಲೆಗೆ ಬೇಡ.

ಸಿಟಿ ಸ್ಕ್ಯಾನಿನಲ್ಲಿ ಕಲೆ ಕಾಣಿಸಿತು, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಸ್ವಲ್ಪ ಏರಿತು ಅಂತ ಸುಮ್ನೆ ಸ್ಟೀರಾಯ್ಡ್ ಶುರು ಮಾಡುವುದು ನನ್ನ ಮಟ್ಟಿಗೆ ಈ ಚಿಕಿತ್ಸೆಯ ಅತಿ ದೊಡ್ಡ ದುರುಪಯೋಗ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಏನು ಹೇಳುತ್ತದೆ, ಅದನ್ನು ಮೊದಲು ನೋಡಿ.

ಸ್ಟೀರಾಯ್ಡ್‌ಗಳಲ್ಲೇ ಆಯ್ಕೆ

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೋವಿಡ್ ನ್ಯುಮೋನಿಯಾಕ್ಕೆ ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ ಮೊದಲ ಆಯ್ಕೆ. ದಿನಕ್ಕೆ ಒಂದೇ ಸಲ ಸಾಕು, ಮಾತ್ರೆಯಾಗಿಯೂ ಕೊಡಬಹುದು, ಇಂಜೆಕ್ಷನ್ ಆಗಿಯೂ ಕೊಡಬಹುದು. ಎಲ್ಲ ಕಡೆ ಸಿಗುವ ಹಳೆಯ ಔಷಧಿ. ಅದು ಸಿಗದಿದ್ದರೆ ಪ್ರೆಡ್ನಿಸೋಲೋನ್ 40 ಮಿ.ಗ್ರಾಂ ಅಥವಾ ಮಿಥೈಲ್‌ಪ್ರೆಡ್ನಿಸೋಲೋನ್ 32 ಮಿ.ಗ್ರಾಂ ಹೆಚ್ಚುಕಡಿಮೆ ಅದಕ್ಕೆ ಸಮ. ಗರ್ಭಿಣಿಯರಿಗೆ ರಿಕವರಿಯಲ್ಲಿ ಡೆಕ್ಸಾಮೆಥಾಸೋನ್ ಬದಲು ಪ್ರೆಡ್ನಿಸೋಲೋನ್ ಅಥವಾ ಹೈಡ್ರೋಕಾರ್ಟಿಸೋನ್ ಬಳಸಿದರು. ಡೆಕ್ಸಾಮೆಥಾಸೋನ್ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಉಳಿದೆರಡು ಅಷ್ಟು ದಾಟುವುದಿಲ್ಲ.

ಪ್ರಮಾಣ ಏರಿಸಿದರೆ ಇನ್ನೂ ಒಳ್ಳೆಯದಲ್ವಾ ಅನ್ನುವ ಯೋಚನೆ ಬಹಳ ಕಡೆ ಇತ್ತು. ರಿಕವರಿ ಅದನ್ನೂ ಪರೀಕ್ಷಿಸಿತು. ಸಾದಾ ಆಕ್ಸಿಜನ್ ಮೇಲಿದ್ದವರಿಗೆ, ಆಕ್ಸಿಜನ್ ಬೇಡದ ಕೆಲವರಿಗೆ 5 ದಿನ 20 ಮಿ.ಗ್ರಾಂ, ಆಮೇಲೆ 5 ದಿನ 10 ಮಿ.ಗ್ರಾಂ ಕೊಟ್ಟು ನೋಡಿದರು. ಸಾವು ಶೇ. 12 ಇದ್ದದ್ದು ಶೇ. 19 ಆಯಿತು. ಇದು ಸಣ್ಣ ವ್ಯತ್ಯಾಸ ಅಲ್ಲ. ಆ ಗುಂಪಿನಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಸಾದಾ ಆಕ್ಸಿಜನ್ ಮೇಲಿರುವವರಿಗೆ ಸ್ಟೀರಾಯ್ಡ್ ಪ್ರಮಾಣ ಏರಿಸುವ ಮಾತು ಬಂದರೆ ಯಾಕೆ ಅಂತ ಕೇಳಿ. ಖಂಡಿತ ಕೇಳಿ.

ಎರಡನೇ ಔಷಧಿ: ಟೊಸಿಲಿಜುಮಾಬ್ ಅಥವಾ ಬಾರಿಸಿಟಿನಿಬ್

ಸ್ಟೀರಾಯ್ಡ್ ಶುರುವಾದ ಮೇಲೂ ಆಕ್ಸಿಜನ್ ಅಗತ್ಯ ಏರುತ್ತಲೇ ಇದ್ದರೆ ನಿಜವಾದ ಆಯ್ಕೆಯ ಪ್ರಶ್ನೆ ಬರುತ್ತದೆ. ಮೂಗಿನ ನಳಿಕೆಯಿಂದ ಮಾಸ್ಕ್, ಮಾಸ್ಕ್‌ನಿಂದ ಹೈ ಫ್ಲೋ, ಅಂದರೆ ಜೋರಾಗಿ ಹರಿಸುವ ಆಕ್ಸಿಜನ್. ಆಗ ಸ್ಟೀರಾಯ್ಡ್ ಜೊತೆಗೆ ಇನ್ನೊಂದು ಔಷಧಿ. ಸ್ಟೀರಾಯ್ಡ್ ಬದಲಿಗೆ ಅಲ್ಲ, ಜೊತೆಗೆ. ಇದು ಮುಖ್ಯ. ಸ್ಟೀರಾಯ್ಡ್ ಇನ್ನೂ ವಾಡಿಕೆಗೆ ಬರುವ ಮುಂಚೆ ಶುರುವಾದ ಕೊವ್ಯಾಕ್ಟಾ ಅಧ್ಯಯನದಲ್ಲಿ ಟೊಸಿಲಿಜುಮಾಬ್ ಸಾವನ್ನು ಇಳಿಸಲಿಲ್ಲ. ರಿಕವರಿಯಲ್ಲಿ ಇಳಿಸಿತು. ಅಲ್ಲಿ ಶೇ. 82 ಜನ ಸ್ಟೀರಾಯ್ಡ್ ಕೂಡ ಪಡೆಯುತ್ತಿದ್ದರು.

ಎರಡೂ ಔಷಧಿಗಳು ಸಂಧಿವಾತದ ಚಿಕಿತ್ಸೆಯಿಂದ ಬಂದವು. ಕೆಲಸ ಮಾಡುವ ರೀತಿ ಬೇರೆ. ಇಂಟರ್‌ಲ್ಯೂಕಿನ್-6 ಅನ್ನುವುದು ಉರಿಯೂತದ ಸಂದೇಶ ಹೊತ್ತು ತಿರುಗುವ ಒಂದು ಪ್ರೋಟೀನ್. ಟೊಸಿಲಿಜುಮಾಬ್ ಅದು ಕೂರುವ ಜಾಗವನ್ನೇ ಮುಚ್ಚುತ್ತದೆ. ಬಾರಿಸಿಟಿನಿಬ್ ಜೀವಕೋಶದ ಒಳಗೆ ಹೋಗಿ, ಜಾಕ್ ಅನ್ನುವ ಕಿಣ್ವಗಳನ್ನು ತಡೆಯುತ್ತದೆ. ಇಂಟರ್‌ಲ್ಯೂಕಿನ್-6 ಸೇರಿ ಹಲವು ಸಂದೇಶಗಳು ಆ ದಾರಿಯಲ್ಲೇ ಸಾಗುತ್ತವೆ. ಹಾಗಾಗಿ ಮೊದಲನೆಯದು ಒಂದು ಬಾಗಿಲು ಮುಚ್ಚುತ್ತದೆ, ಎರಡನೆಯದು ಹಲವು ಬಾಗಿಲು ಅರ್ಧರ್ಧ ಮುಚ್ಚುತ್ತದೆ.

ಸಾಕ್ಷ್ಯ ಯಾವುದಕ್ಕೆ ಗಟ್ಟಿ? ಎರಡಕ್ಕೂ ಇದೆ. ಟೊಸಿಲಿಜುಮಾಬ್‌ಗೆ ರಿಕವರಿಯಲ್ಲಿ 4,116 ರೋಗಿಗಳು. ಆಕ್ಸಿಜನ್ ಕಡಿಮೆ ಇದ್ದು ಸಿಆರ್‌ಪಿ 75 ಅಥವಾ ಹೆಚ್ಚು ಇದ್ದವರನ್ನೇ ಆರಿಸಿದ್ದರು. ಸಾವು ಶೇ. 35ರಿಂದ ಶೇ. 31ಕ್ಕೆ ಇಳಿಯಿತು. ಐಸಿಯುನಲ್ಲಿ ಉಸಿರಾಟಕ್ಕೆ ಅಥವಾ ಬಿಪಿಗೆ ಆಸರೆ ಶುರುವಾದ 24 ಗಂಟೆಯೊಳಗೆ ಕೊಟ್ಟು ನೋಡಿದ ರೀಮ್ಯಾಪ್-ಕ್ಯಾಪ್ ಅಧ್ಯಯನದಲ್ಲಿ ಶೇ. 36ರಿಂದ ಶೇ. 28ಕ್ಕೆ ಇಳಿಯಿತು. ಬಾರಿಸಿಟಿನಿಬ್‌ಗೆ ಕೋವ್-ಬ್ಯಾರಿಯರ್ ಅಧ್ಯಯನದಲ್ಲಿ 1,525 ಜನ, ಸಾವು ಶೇ. 13ರಿಂದ ಶೇ. 8ಕ್ಕೆ. ಆಮೇಲೆ ರಿಕವರಿಯಲ್ಲಿ 8,156 ಜನ, ಶೇ. 14ರಿಂದ ಶೇ. 12ಕ್ಕೆ. ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಗೆದ್ದಿತು ಅಂತ ನೋಡಬಾರದು. ಒಂದೊಂದರಲ್ಲಿ ರೋಗಿಗಳ ಸ್ಥಿತಿ ಬೇರೆ, ಕಾಲ ಬೇರೆ, ಲಸಿಕೆ ಪಡೆದವರ ಸಂಖ್ಯೆ ಬೇರೆ. ಎರಡೂ ಸಾವನ್ನು ಇಳಿಸಿವೆ, ಇಷ್ಟು ಖಚಿತ. ವಿಶ್ವ ಆರೋಗ್ಯ ಸಂಸ್ಥೆ 2021ರ ಜುಲೈನಲ್ಲಿ ಟೊಸಿಲಿಜುಮಾಬ್ ಗುಂಪಿನ ಔಷಧಿಗಳನ್ನು, 2022ರ ಜನವರಿಯಲ್ಲಿ ಬಾರಿಸಿಟಿನಿಬ್ ಅನ್ನು ಶಿಫಾರಸು ಮಾಡಿತು.

ಹಾಗಾದರೆ ಆರಿಸುವುದು ಹೇಗೆ? ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆ ಇದು: ಏನಾದರೂ ಎಡವಟ್ಟಾದರೆ ಈ ಔಷಧಿಯನ್ನು ಎಷ್ಟು ಬೇಗ ನಿಲ್ಲಿಸಬಹುದು?

ಬಾರಿಸಿಟಿನಿಬ್ ಮಾತ್ರೆ. ದಿನಕ್ಕೆ 4 ಮಿ.ಗ್ರಾಂ, 14 ದಿನ ಅಥವಾ ಡಿಸ್ಚಾರ್ಜ್ ಆಗುವವರೆಗೆ, ಯಾವುದು ಮೊದಲೋ ಅದು. ಸುಮಾರು ಅರ್ಧ ದಿನಕ್ಕೆ ರಕ್ತದಲ್ಲಿ ಅರ್ಧ ಆಗುತ್ತದೆ. ಹೊಸ ಬ್ಯಾಕ್ಟೀರಿಯಾ ಸೋಂಕು ಬಂತು ಅಂದರೆ ನಾಳೆಯ ಮಾತ್ರೆ ನಿಲ್ಲಿಸಿದರಾಯಿತು, ಎರಡು ಮೂರು ದಿನದಲ್ಲಿ ದೇಹದಿಂದ ಹೊರಗೆ. ಟೊಸಿಲಿಜುಮಾಬ್ ಹಾಗಲ್ಲ. ಕೆ.ಜಿ.ಗೆ 8 ಮಿ.ಗ್ರಾಂ ಲೆಕ್ಕದಲ್ಲಿ, ಗರಿಷ್ಠ 800 ಮಿ.ಗ್ರಾಂ, ಒಂದು ಗಂಟೆಯಲ್ಲಿ ರಕ್ತನಾಳದ ಮೂಲಕ ಕೊಡುತ್ತಾರೆ. ಕೆಲವೊಮ್ಮೆ ಎರಡನೇ ಡೋಸ್. ಅಷ್ಟೇ, ಮುಗೀತು. ಆದರೆ ಪರಿಣಾಮ ವಾರಗಟ್ಟಲೆ ಉಳಿಯುತ್ತದೆ. ಕೊಟ್ಟದ್ದನ್ನು ವಾಪಸ್ ತೆಗೆಯಲು ಆಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಹಾಸಿಗೆ ಪಕ್ಕದಲ್ಲಿ ನಿಂತು ನೋಡಿದರೆ ಮಾತ್ರ ಇದು ಗೊತ್ತಾಗುವುದು. ಟೊಸಿಲಿಜುಮಾಬ್ ಕೊಟ್ಟು ನಾಲ್ಕೈದು ದಿನ ಆಗಿದೆ ಅಂದುಕೊಳ್ಳಿ. ಚಾರ್ಟಿನಲ್ಲಿ ಸಿಆರ್‌ಪಿ 140 ಇದ್ದದ್ದು 8ಕ್ಕೆ ಬಂದಿದೆ. ಜ್ವರ ಇಲ್ಲ. ಎಲ್ಲರಿಗೂ ನಿರಾಳ. ಆದರೆ ನಾಡಿ ನಿಮಿಷಕ್ಕೆ 90 ಇದ್ದದ್ದು 115 ಆಗಿದೆ, ಮೂತ್ರ ಕಡಿಮೆಯಾಗಿದೆ, ನಳಿಕೆಯಲ್ಲಿ ಎಳೆದ ಕಫ ಹಳದಿಯಾಗಿ ದಪ್ಪಗಿದೆ. ಇದು ಹೊಸ ಬ್ಯಾಕ್ಟೀರಿಯಾ ಸೋಂಕಿನ ಚಿತ್ರ. ಸಿಆರ್‌ಪಿ ಯಾಕೆ ಏರಲಿಲ್ಲ? ಯಾಕೆಂದರೆ ಲಿವರ್ ಸಿಆರ್‌ಪಿ ತಯಾರಿಸುವುದೇ ಇಂಟರ್‌ಲ್ಯೂಕಿನ್-6ರ ಅಪ್ಪಣೆಯ ಮೇಲೆ. ಆ ಅಪ್ಪಣೆಯನ್ನೇ ಔಷಧಿ ತಡೆದಿದೆ. ಹಾಗಾಗಿ ಈ ಔಷಧಿಯ ನಂತರ ಸಿಆರ್‌ಪಿ ಇಳಿದಿದ್ದನ್ನು ಗುಣವಾದ ಗುರುತು ಅಂತ ನಂಬಲೇಬಾರದು. ನಾಡಿ, ಬಿಪಿ, ಮೂತ್ರ, ಕಫ, ರಕ್ತದ ಕಲ್ಚರ್, ಇವನ್ನು ನೋಡಬೇಕು.

ಕಿಡ್ನಿ ಮತ್ತು ಲಿವರ್ ಇನ್ನೊಂದು ದಿಕ್ಕಿನಿಂದ ತೀರ್ಮಾನ ಮಾಡಿಸುತ್ತವೆ. ಬಾರಿಸಿಟಿನಿಬ್ ಕಿಡ್ನಿಯಿಂದ ಹೊರಹೋಗುವ ಔಷಧಿ. ಕಿಡ್ನಿಯ ಶೋಧನೆ, ಅಂದರೆ ಇಜಿಎಫ್‌ಆರ್, 60ಕ್ಕಿಂತ ಕೆಳಗೆ ಹೋದರೆ 2 ಮಿ.ಗ್ರಾಂ, 30ಕ್ಕಿಂತ ಕೆಳಗೆ 1 ಮಿ.ಗ್ರಾಂ, 15ಕ್ಕಿಂತ ಕೆಳಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಡಯಾಲಿಸಿಸ್ ಮೇಲಿರುವವರಿಗೆ ಟೊಸಿಲಿಜುಮಾಬ್ ಸರಳ. ಉಲ್ಟಾ, ಲಿವರ್ ಕಿಣ್ವಗಳು ಸಿಕ್ಕಾಪಟ್ಟೆ ಏರಿದ್ದರೆ, ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಇದ್ದರೆ, ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ 1,000ಕ್ಕಿಂತ ಕಡಿಮೆ ಇದ್ದರೆ ಟೊಸಿಲಿಜುಮಾಬ್‌ನಿಂದ ದೂರ ಇರುತ್ತಾರೆ. ನ್ಯೂಟ್ರೋಫಿಲ್ ಬಹಳ ಇಳಿದಿದ್ದರೆ ಬಾರಿಸಿಟಿನಿಬ್‌ಗೂ ಯೋಚನೆ ಮಾಡಲೇಬೇಕು. ಕರುಳಿನಲ್ಲಿ ತೂತು ಬೀಳುವ ಅಪಾಯ ಇರುವವರಿಗೆ, ಉದಾಹರಣೆಗೆ ಹಿಂದೆ ಡೈವರ್ಟಿಕ್ಯುಲೈಟಿಸ್ (ದೊಡ್ಡ ಕರುಳಿನ ಸಣ್ಣ ಚೀಲಗಳ ಉರಿಯೂತ) ಆಗಿದ್ದವರಿಗೆ, ಟೊಸಿಲಿಜುಮಾಬ್ ಸೂಕ್ತ ಅಲ್ಲ. ರಕ್ತ ಹೆಪ್ಪುಗಟ್ಟುವ ಚರಿತ್ರೆ ಇದ್ದರೆ ಬಾರಿಸಿಟಿನಿಬ್ ಬಗ್ಗೆ ಎಚ್ಚರ. ಕೋವಿಡ್ ಅಧ್ಯಯನಗಳಲ್ಲಿ ಆ ಅಪಾಯ ಜಾಸ್ತಿ ಕಾಣಲಿಲ್ಲ, ಆದರೆ ಸಂಧಿವಾತದ ರೋಗಿಗಳಿಗೆ ಈ ಗುಂಪಿನ ಔಷಧಿಗಳ ಮೇಲೆ ಆ ಎಚ್ಚರಿಕೆ ಇದೆ.

ವೆಂಟಿಲೇಟರ್ ಮೇಲಿರುವವರಿಗೆ ಮಾತ್ರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಬಾರಿಸಿಟಿನಿಬ್ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಮೂಗಿನಿಂದ ಹೊಟ್ಟೆಗೆ ಹೋಗುವ ನಳಿಕೆಯಲ್ಲಿ ಕೊಡಬಹುದು. ಹೊಟ್ಟೆ ಕೆಲಸ ಮಾಡದೆ ನಳಿಕೆಯಲ್ಲಿ ಕೊಟ್ಟದ್ದು ವಾಪಸ್ ಬರುತ್ತಿದ್ದರೆ ಮಾತ್ರ ರಕ್ತನಾಳದ ಮೂಲಕ ಹೋಗುವ ಔಷಧಿಯೇ ನಂಬಿಕೆಗೆ ಅರ್ಹ.

ಎಲ್ಲವನ್ನೂ ತೂಗಿ ನೋಡಿದರೆ, ಕಿಡ್ನಿ ಚೆನ್ನಾಗಿದ್ದು ಹೊಟ್ಟೆ ಕೆಲಸ ಮಾಡುತ್ತಿದ್ದರೆ ನನ್ನ ಒಲವು ಬಾರಿಸಿಟಿನಿಬ್ ಕಡೆಗೆ. ಬೇಕೆಂದಾಗ ನಿಲ್ಲಿಸಬಹುದು ಅನ್ನುವ ಒಂದೇ ಕಾರಣ ನನಗೆ ಸಾಕು. ಕಿಡ್ನಿ ಸೋತಿದ್ದರೆ, ಇಲ್ಲವೇ ಮಾತ್ರೆ ಒಳಗೆ ಹೋಗುವ ಭರವಸೆ ಇಲ್ಲದಿದ್ದರೆ ಟೊಸಿಲಿಜುಮಾಬ್. ಎರಡರಲ್ಲಿ ಒಂದು ಮಾತ್ರ ಸಿಗುತ್ತಿದೆ ಅಂದರೆ, ಸಿಕ್ಕಿದ್ದನ್ನು ಸಮಯಕ್ಕೆ ಕೊಡುವುದು ಇನ್ನೊಂದಕ್ಕಾಗಿ ಎರಡು ದಿನ ಕಾಯುವುದಕ್ಕಿಂತ ಮೇಲು.

ಎರಡನ್ನೂ ಒಟ್ಟಿಗೆ ಕೊಡಬಹುದಾ? ಬಾರಿಸಿಟಿನಿಬ್‌ನ ರಿಕವರಿ ಅಧ್ಯಯನದಲ್ಲಿ ಕಾಲು ಭಾಗದ ಹತ್ತಿರ ರೋಗಿಗಳು ಟೊಸಿಲಿಜುಮಾಬ್ ಕೂಡ ಪಡೆದಿದ್ದರು, ಅದರಿಂದ ಲಾಭ ಕಡಿಮೆ ಆಗಲಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟೀರಾಯ್ಡ್ ಸೇರಿ ಮೂರನ್ನೂ ಒಟ್ಟಿಗೆ ಕೊಡಬಹುದು ಅಂದಿತು. ಆದರೂ ಫಂಗಸ್ ಮತ್ತು ಬ್ಯಾಕ್ಟೀರಿಯಾ ಸೋಂಕು ಹೆಚ್ಚಿರುವ ಐಸಿಯುಗಳಲ್ಲಿ ಮೂರನೆಯದನ್ನು ಸೇರಿಸುವ ಮುಂಚೆ ನಾನಂತೂ ಎರಡು ಸಲ ಯೋಚಿಸಬೇಕು ಅನ್ನುತ್ತೇನೆ.

ಉಳಿದವು

ಬಾರಿಸಿಟಿನಿಬ್‌ನ ಸಂಬಂಧಿ ಟೊಫಾಸಿಟಿನಿಬ್ ಬ್ರೆಜಿಲ್‌ನ 289 ರೋಗಿಗಳ ಅಧ್ಯಯನದಲ್ಲಿ ಒಳ್ಳೆಯ ಫಲಿತಾಂಶ ಕೊಟ್ಟಿತು. ಬಾರಿಸಿಟಿನಿಬ್ ಸಿಗದಾಗ ಪರ್ಯಾಯ. ಸಾರಿಲುಮಾಬ್ ಟೊಸಿಲಿಜುಮಾಬ್‌ಗೆ ಪರ್ಯಾಯ. ಅನಾಕಿನ್ರಾ ಬಳಕೆ ಸೀಮಿತ, ಸುಪಾರ್ ಅನ್ನುವ ರಕ್ತಪರೀಕ್ಷೆಯ ಆಧಾರದ ಮೇಲೆ ಆರಿಸಿದವರಿಗೆ. ಆ ಪರೀಕ್ಷೆ ಎಲ್ಲ ಕಡೆ ಇಲ್ಲ. ಕೋಲ್ಚಿಸಿನ್ ಅನ್ನು ರಿಕವರಿಯಲ್ಲಿ 11,000ಕ್ಕೂ ಹೆಚ್ಚು ಜನರಲ್ಲಿ ನೋಡಿದರು. ಪಡೆದವರಲ್ಲೂ ಪಡೆಯದವರಲ್ಲೂ ಸಾವು ಶೇ. 21. ಅಂದರೆ ಉಪಯೋಗವಿಲ್ಲ, ಬಿಟ್ಟುಬಿಡಿ.

ಯಾವ ವೈರಸ್ ಅನ್ನುವುದು ಸಣ್ಣ ವಿಷಯವಲ್ಲ

ಇಲ್ಲಿಯವರೆಗೆ ಹೇಳಿದ್ದೆಲ್ಲ ಕೋವಿಡ್ ಸಾಕ್ಷ್ಯ. ಇದನ್ನು ಹಾಗೇ ಎತ್ತಿ ಇನ್‌ಫ್ಲುಯೆಂಜಾಕ್ಕೆ ಹಚ್ಚುವುದು ತಪ್ಪು. ತೀವ್ರ ಫ್ಲೂನಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ಸಾವು ಹೆಚ್ಚು ಅಂತ ಹಲವು ಅವಲೋಕನ ಅಧ್ಯಯನಗಳು ತೋರಿಸಿವೆ. ಹೆಚ್ಚು ಕಾಯಿಲೆ ಇದ್ದವರಿಗೇ ಸ್ಟೀರಾಯ್ಡ್ ಕೊಟ್ಟಿರುತ್ತಾರೆ, ಹಾಗಾಗಿ ಅದು ಪೂರ್ತಿ ಔಷಧಿಯ ತಪ್ಪು ಅನ್ನಲಾಗದು. ಆದರೂ 2024ರ ವಿಶ್ವ ಆರೋಗ್ಯ ಸಂಸ್ಥೆಯ ಫ್ಲೂ ಮಾರ್ಗಸೂಚಿ ತೀವ್ರ ಫ್ಲೂಗೆ ಸ್ಟೀರಾಯ್ಡ್ ಬೇಡ ಅನ್ನುವ ಕಡೆಗೇ ವಾಲುತ್ತದೆ. ಫ್ಲೂನಲ್ಲಿ ಮೊದಲ ಕೆಲಸ ಒಸೆಲ್ಟಾಮಿವಿರ್‌ನಂಥ ವೈರಸ್ ತಡೆಯುವ ಔಷಧಿಯನ್ನು ಆದಷ್ಟು ಬೇಗ ಕೊಡುವುದು. ಅಸ್ತಮಾ, ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಉಲ್ಬಣಿಸಿದ್ದರೆ, ಬಿಪಿ ನಿಲ್ಲದ ಶಾಕ್ ಇದ್ದರೆ ಸ್ಟೀರಾಯ್ಡ್ ಕೊಡಲು ಬೇರೆ ಕಾರಣ ಇರುತ್ತದೆ, ಅದು ಬೇರೆ ಮಾತು.

2023ರ ಕೇಪ್ ಕಾಡ್ ಅಧ್ಯಯನವನ್ನು ಇಲ್ಲಿ ಹಲವರು ತಪ್ಪಾಗಿ ಎಳೆತರುತ್ತಾರೆ. ಫ್ರಾನ್ಸ್‌ನಲ್ಲಿ ತೀವ್ರ ನ್ಯುಮೋನಿಯಾಕ್ಕೆ ಹೈಡ್ರೋಕಾರ್ಟಿಸೋನ್ ಕೊಟ್ಟಾಗ ಸಾವು ಶೇ. 11.9ರಿಂದ ಶೇ. 6.2ಕ್ಕೆ ಇಳಿಯಿತು, ನಿಜ. ಆದರೆ ಆ ಅಧ್ಯಯನ ಫ್ಲೂ ರೋಗಿಗಳನ್ನು ಹೊರಗಿಟ್ಟಿತ್ತು. ಕೋವಿಡ್ ವೈರಸ್ಸಿನ ಬಳಗದ್ದೇ ಆದ 2003ರ ಸಾರ್ಸ್‌ನಲ್ಲಿ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಪಡೆದು ಬದುಕಿದ ಹಲವರಿಗೆ ಆಮೇಲೆ ಸೊಂಟದ ಮೂಳೆ ಸತ್ತು ಹೋಯಿತು. ಅದೇ ಬಳಗದ ಮರ್ಸ್‌ನಲ್ಲಿ ಸ್ಟೀರಾಯ್ಡ್ ಪಡೆದವರ ದೇಹದಿಂದ ವೈರಸ್ ಹೋಗುವುದು ತಡವಾಯಿತು.

ಅಂಗ ಕಸಿ ಆದವರು, ರಕ್ತದ ಕ್ಯಾನ್ಸರ್ ಇರುವವರು, ಇವರ ಲೆಕ್ಕ ಇನ್ನೂ ಬೇರೆ. ಅವರ ಇಮ್ಯೂನಿಟಿ ಮೊದಲೇ ಕಡಿಮೆ, ವೈರಸ್ ವಾರಗಟ್ಟಲೆ ಉಳಿಯಬಹುದು. ಅವರಿಗೆ ವೈರಸ್ ತಡೆಯುವ ಔಷಧಿಯೇ ಮುಖ್ಯ. ಉಳಿದದ್ದನ್ನು ಅವರ ತಜ್ಞರ ಜೊತೆ ಕೂತು ತೀರ್ಮಾನಿಸಬೇಕು.

ಕೊಡುವ ಮುಂಚೆ, ಕೊಟ್ಟ ಮೇಲೆ

ಶುರು ಮಾಡುವ ಮುಂಚೆ ರಕ್ತಕಣ, ಲಿವರ್, ಕಿಡ್ನಿ, ಸಕ್ಕರೆ ಪರೀಕ್ಷೆ. ಹೆಪಟೈಟಿಸ್ ಬಿ ಪರೀಕ್ಷೆ, ಯಾಕೆಂದರೆ ಮಲಗಿದ್ದ ಆ ವೈರಸ್ ಮತ್ತೆ ಏಳಬಹುದು. ಹಿಂದೆ ಟಿಬಿ ಆಗಿತ್ತಾ, ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳಬೇಕು. ಇದನ್ನು ಡಾಕ್ಟರ್ ಕೇಳದಿದ್ದರೆ ಮನೆಯವರೇ ಹೇಳಬೇಕು. ಸ್ಟ್ರಾಂಜಿಲಾಯ್ಡಿಸ್ ಅನ್ನುವ ಹುಳು ಇರುವ ಪ್ರದೇಶದವರಿಗೆ ಸ್ಟೀರಾಯ್ಡ್ ಜೊತೆ ಐವರ್ಮೆಕ್ಟಿನ್ ಕೊಡುವ ವಾಡಿಕೆ ಇದೆ. ಇಲ್ಲಿ ಐವರ್ಮೆಕ್ಟಿನ್ ಹುಳುವಿಗೆ, ವೈರಸ್ಸಿಗಲ್ಲ. ಸ್ಟೀರಾಯ್ಡ್ ಸಿಕ್ಕರೆ ಆ ಹುಳು ಮೈಯೆಲ್ಲ ಹರಡಿ ಜೀವ ತೆಗೆಯಬಹುದು.

ಸಕ್ಕರೆಯ ವಿಷಯದಲ್ಲಿ ಒಂದು ಮಾತು. ಬೆಳಗ್ಗೆ ಖಾಲಿ ಹೊಟ್ಟೆಯ ಅಂಕಿ ಸರಿ ಇದೆ ಅಂತ ನೆಮ್ಮದಿಯಾಗಿ ಕೂರಬೇಡಿ. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುವುದು ಮುಖ್ಯವಾಗಿ ಊಟದ ನಂತರ, ಮಧ್ಯಾಹ್ನ ಮತ್ತು ಸಂಜೆ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. 2021ರಲ್ಲಿ ಭಾರತದಲ್ಲಿ 40,000ಕ್ಕೂ ಹೆಚ್ಚು ಜನರಿಗೆ ಕಪ್ಪು ಫಂಗಸ್ ಬಂತು. ಅವರಲ್ಲಿ ಬಹುಪಾಲು ಜನರಿಗೆ ಸಕ್ಕರೆ ಕಾಯಿಲೆ ಇತ್ತು, ಬಹುಪಾಲು ಜನ ಸ್ಟೀರಾಯ್ಡ್ ಪಡೆದಿದ್ದರು. ಮುಖದ ಒಂದೇ ಬದಿ ನೋವು, ಮೂಗಿನಲ್ಲಿ ಕಪ್ಪು ಹೆಕ್ಕಳೆ, ಕಣ್ಣು ಊದುವುದು, ವಸ್ತು ಎರಡಾಗಿ ಕಾಣುವುದು, ಹಲ್ಲು ಅಲ್ಲಾಡುವುದು. ಇದರಲ್ಲಿ ಒಂದು ಕಂಡರೂ ಅದೇ ದಿನ ಡಾಕ್ಟರಿಗೆ ಹೇಳಿ.

ಡಿಸ್ಚಾರ್ಜ್ ದಿನ ಎರಡು ವಿಷಯ ಬರೆಸಿಕೊಳ್ಳಿ. ಸ್ಟೀರಾಯ್ಡ್ ಯಾವ ದಿನಾಂಕಕ್ಕೆ ನಿಲ್ಲಬೇಕು ಅನ್ನುವುದು ಒಂದು. ಆಕ್ಸಿಜನ್ ಬೇಡವಾಗಿ ಮನೆಗೆ ಹೊರಟವರಿಗೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಬೇರೆ ಕಾಯಿಲೆಗೆ ಮೊದಲಿನಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದವರ ಮಾತು ಬೇರೆ, ಅವರು ಏಕಾಏಕಿ ನಿಲ್ಲಿಸಬಾರದು. ಟೊಸಿಲಿಜುಮಾಬ್ ಕೊಟ್ಟಿದ್ದರೆ ಅದರ ದಿನಾಂಕ ಮತ್ತು ಪ್ರಮಾಣ ಇನ್ನೊಂದು. ಮುಂದಿನ ಕೆಲವು ವಾರಗಳಲ್ಲಿ ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಆ ಚೀಟಿ ತೋರಿಸಿ. ಜ್ವರ ಇಲ್ಲದೆ, ಸಿಆರ್‌ಪಿ ಏರದೆ ಸೋಂಕು ಒಳಗೇ ಬೆಳೆಯುತ್ತಿರಬಹುದು ಅಂತ ಅವರಿಗೆ ಗೊತ್ತಾಗುವುದು ಆ ಚೀಟಿಯಿಂದಲೇ.